ಸೊಂಟದ ಕೆಳಗಿನ ಅಳತೆ

ಜನವರಿ ೧೧

ಅಣ್ಣಾ,

ಬಲಗಡೆ ಜೇಬಿಗೆ ಕೈ ಹಾಕಿದೆಯಲ್ಲ, ಬದುಕಿದೆ. ಕಳೆದ ಸಲ ಅತ್ತಿಗೆ ಪ್ಯಾಂಟನ್ನು ನನ್ನ ಪತ್ರದ ಸಮೇತ ನೆನೆಹಾಕಿ, ಒಗೆದು, ಇಸ್ತ್ರಿಯನ್ನೂ ಮಾಡಿಬಿಟ್ಟಿದ್ದರಂತೆ. ಎರಡು ಹಾಳೆ ಪೂರ್ತಿ ಬರೆದಿದ್ದೆ ಮಾರಾಯ. ಅದರಲ್ಲಿ ನಿನ್ನನ್ನು ಬೈದ ಭಾಗವೇ ಜಾಸ್ತಿ ಇತ್ತು, ಹಾಗಾಗಿ ಲಾಭ ನಿನಗೇ. ಇನ್ನು ಮುಂದೆ ಪ್ಯಾಕೆಟ್ಟು ಬಂದ ತಕ್ಷಣ ಜೇಬು ನೋಡುವ ಕೆಲಸ ನಿನ್ನದು, ಅತ್ತಿಗೆಗೆ ಬಿಡಬೇಡ. ಫೋನು ಇದ್ದೇ ಇದೆ ಅನ್ನಬೇಡ. ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ, ಅಲ್ಲೂ ಸೆಕೆನಾ" ಅಂದು ಇಟ್ಟುಬಿಡುವ ಜನ.

ಈ ಸಲದ ಎರಡೂ ಪ್ಯಾಂಟು ನಿಮ್ಮ ಬಸ್ ಕಂಪನಿಯ ತಿಳಿಬೂದು ಬಟ್ಟೆಯವೇ. ನಿನ್ನ ಕಾಲುದ್ದ ನನಗೆ ಬಾಯಿಪಾಠ, ಹೊಟ್ಟೆ ಮಾತ್ರ ವರ್ಷಕ್ಕೊಂದು ಹೊಸ ಪಾಠ. ನಿಮ್ಮ ಮೀಸೆ ಡ್ರೈವರ್ ಕೈಲಿ ಕಳಿಸುತ್ತಿದ್ದೇನೆ. ಅವನು ಪ್ಯಾಕೆಟ್ಟನ್ನು ಸೀಟಿನ ಹಿಂದೆ ಕೂಸಿನ ಹಾಗೆ ಮಲಗಿಸಿಕೊಂಡು ಹೋಗುತ್ತಾನೆ.

ಮೊನ್ನೆ ಬ್ಯಾಂಕ್ ಮ್ಯಾನೇಜರೊಬ್ಬರು ಸೂಟು ಹೊಲಿಸಲು ಬಂದಿದ್ದರು. ಭುಜ, ಎದೆ, ತೋಳು ಎಲ್ಲ ಗಟ್ಟಿಯಾಗಿ ಕೂಗಿದೆ. ನನ್ನವಳು ಕಾಜಾ ಹಾಕುತ್ತಲೇ ಬರೆದುಕೊಂಡಳು. ಸೊಂಟದ ಕೆಳಕ್ಕೆ ಬಂದ ತಕ್ಷಣ ನಾನು ಬಾಯಿ ಮುಚ್ಚಿ, ಪೆನ್ಸಿಲ್ ಇಸಿದುಕೊಂಡು ನಾನೇ ಬರೆದೆ. ಅವರು ನಕ್ಕು, "ಏನ್ರೀ ಟೈಲರೇ, ಕೆಳಗೆ ಬಂದ ತಕ್ಷಣ ರೇಡಿಯೋ ಆಫ್ ಆಯ್ತು?" ಅಂದರು. "ನಮ್ಮಪ್ಪ ಕಲಿಸಿದ್ದು ಹಾಗೆ ಸಾರ್" ಅಂದೆ. ನೆನಪಿದೆಯಾ? ಅಪ್ಪ ಕೂಗುತ್ತಿದ್ದರು, ನೀನು ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೆ. ಟೇಪು ಸೊಂಟ ದಾಟಿತೋ, ಅಪ್ಪ ನಿನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಳ್ಳುತ್ತಿದ್ದರು. "ಗಂಡಸಿನ ಸೊಂಟದ ಕೆಳಗಿನ ಅಳತೆ ಕೂಗಬಾರದು ಕಣ್ರೋ. ಅದು ಅವನಿಗೂ ನಮಗೂ ಮಾತ್ರ."

ಬೇರೆ ವಿಶೇಷವಿಲ್ಲ. ಹೊಲಿಗೆ ಯಂತ್ರವನ್ನು ಹಿಂದಿನ ಬಾಗಿಲ ಪಕ್ಕಕ್ಕೆ ಎಳೆದುಕೊಂಡಿದ್ದೇನೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ.

ನಿನ್ನ ತಮ್ಮ

ಫೆಬ್ರವರಿ ೨೦

ಲೇ ದಾರದುಂಡೆ,

ಪ್ಯಾಂಟು ಸರಿಯಾಗಿದೆ. ಆದರೆ ಒಂದು ವಿಷಯ. ಕಂಪನಿಯವರು ಯೂನಿಫಾರಂ ಬದಲಾಯಿಸುತ್ತಿದ್ದಾರೆ. ಇನ್ನು ಮೇಲೆ ಕಡುನೀಲಿ. ಕಪ್ಪಿಗೆ ಹತ್ತಿರವಾದರೂ ಯಾರೂ ಏನೂ ಅನ್ನುವುದಿಲ್ಲ. ಎರಡು ಜೊತೆ ಬೇಗ ಹೊಲಿದು ಕಳಿಸು. ಹುಕ್ಕು, ಗುಂಡಿ, ಬೆಲ್ಟಿನ ಪಟ್ಟಿ ಯಾವುದೂ ಬೇಡ, ಸೊಂಟಕ್ಕೆ ಎಲಾಸ್ಟಿಕ್ ಹಾಕು. ಎಳೆದರೆ ಬರಬೇಕು, ಬಿಟ್ಟರೆ ಕೂರಬೇಕು. ಸೊಂಟ ಎರಡಿಂಚು ಕಡಿಮೆ ಮಾಡು. ಸಂಜೆ ವಾಕಿಂಗ್ ಶುರು ಮಾಡಿದ್ದೇನೆ.

ಡಿಪೋದಲ್ಲಿ ನನ್ನನ್ನು ಈಗಲೂ 'ನಾನ್‌ಸ್ಟಾಪ್' ಅಂತಲೇ ಕರೆಯುತ್ತಾರೆ. ಮೊದಲೆಲ್ಲ ಹಿಂದಿನ ಸೀಟಿನಿಂದ ಯಾರಾದರೂ "ಡ್ರೈವರೇ, ಸ್ವಲ್ಪ ನಿಲ್ಸಿ, ಅವಸರ ಆಗಿದೆ" ಅಂದರೆ ನಾನು ಕನ್ನಡಿಯಲ್ಲಿ ಒಂದು ನೋಟ ನೋಡುತ್ತಿದ್ದೆ. ಅಷ್ಟಕ್ಕೇ ಅವರ ಅವಸರ ಅಡಗುತ್ತಿತ್ತು. ಈಗ ನನಗೇ ಕರುಣೆ ಬಂದಿದೆ. ಪೆಟ್ರೋಲ್ ಬಂಕು ಕಂಡಲ್ಲೆಲ್ಲ ನಿಲ್ಲಿಸಿ "ಯಾರಿಗಾದ್ರೂ ಇಳೀಬೇಕಾ?" ಅಂತ ನಾನೇ ಕೇಳುತ್ತೇನೆ. ಹೆಂಗಸರು ಕೈಮುಗಿಯುತ್ತಾರೆ. ಒಬ್ಬ ಅಜ್ಜಿ "ನಿನ್ನ ಹೊಟ್ಟೆ ತಣ್ಣಗಿರಲಿ ಮಗನೇ" ಅಂದರು. ಇಷ್ಟು ವರ್ಷ ಬರೀ ಶಾಪ ತಿಂದವನು ನಾನು. ಈಗ ಹರಕೆ ತಿಂದು ದಪ್ಪಗಾಗಬೇಕಿತ್ತು, ಸಣ್ಣಗಾಗುತ್ತಿದ್ದೇನೆ ನೋಡು.

ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ.

ಅಣ್ಣ

ಮಾರ್ಚ್ ೧೫

ಅಣ್ಣಾ,

ನೀನು ಸಿಕ್ಕಿಬಿದ್ದೆ.

ಬಟ್ಟೆ ಒಯ್ಯಲು ಬಂದ ಮೀಸೆ ಡ್ರೈವರ್ ಏನು ಹಾಕಿದ್ದ ಹೇಳು? ತಿಳಿಬೂದು! ಹೊಸದು, ಮಡಿಕೆಯೂ ಬಿಟ್ಟಿರಲಿಲ್ಲ. "ನಿಮಗಿನ್ನೂ ಕಡುನೀಲಿ ಬಂದಿಲ್ವಾ?" ಅಂತ ಕೇಳಿದೆ. "ಯಾವ ಕಡುನೀಲಿ?" ಅಂದ. ಆಮೇಲೆ ಏನೋ ಹೊಳೆದವನ ಹಾಗೆ ಟೀ ಲೋಟ ಬಾಯಿಗಿಟ್ಟುಕೊಂಡು, "ಓ ಅದಾ, ಅದು ಕೆಲವರಿಗೆ ಮಾತ್ರ" ಅಂದ. ಅವನ ಮೀಸೆ ಸುಳ್ಳು ಹೇಳಲು ಬಾರದ ಮೀಸೆ.

ನಾನೂ ಬಟ್ಟೆ ನೋಡಿಯೇ ಮನುಷ್ಯನನ್ನು ಅಳೆಯುವವನು ತಾನೇ? ಕಡುನೀಲಿ ಹಾಕುವವರು ಕಂಟ್ರೋಲ್ ರೂಮಿನವರು. ಎಲಾಸ್ಟಿಕ್ ಬೇಕಾಗುವುದು ದಿನವಿಡೀ ಕುರ್ಚಿಯಲ್ಲಿ ಕೂರುವವರಿಗೆ. ಸಂಜೆ ವಾಕಿಂಗ್ ಹೋಗಲು ಪುರುಸೊತ್ತು ಯಾರಿಗಿರುತ್ತದೆ? ಆಫೀಸರಿಗೆ. ನಿನಗೆ ಬಡ್ತಿ ಸಿಕ್ಕಿದೆ, ಮುಚ್ಚಿಟ್ಟಿದ್ದೀಯ! ಸ್ವಂತ ತಮ್ಮನಿಗೂ ಹೇಳದಷ್ಟು ದೊಡ್ಡ ಮನುಷ್ಯನಾದೆಯಾ?

ಇರಲಿ. ಎಲಾಸ್ಟಿಕ್ಕನ್ನು ಒಳಗೆ ಹುದುಗಿಸಿದ್ದೇನೆ, ಹೊರಗೆ ಸುಳ್ಳು ಪಟ್ಟಿ ಕೊಟ್ಟಿದ್ದೇನೆ. ನೋಡಿದವರಿಗೆ ಬೆಲ್ಟಿನ ಪ್ಯಾಂಟು ಅಂತಲೇ ಅನ್ನಿಸಬೇಕು. ಆಫೀಸರ್ ಸಾಹೇಬರ ಮರ್ಯಾದೆ ಪ್ರಶ್ನೆ. ಒಳಗಿನ ಅಸ್ತರಿಗೆ ಒಳ್ಳೆಯ ಹತ್ತಿ ಬಟ್ಟೆ ಕೊಟ್ಟಿದ್ದೇನೆ, ನನ್ನ ಲೆಕ್ಕದಲ್ಲಿ ಉಡುಗೊರೆ. ಅಪ್ಪ ಇದ್ದಿದ್ದರೆ ಇಡೀ ಬೀದಿಗೆ ಹೇಳಿಕೊಂಡು ಬರುತ್ತಿದ್ದರು.

ತಮ್ಮ

ಏಪ್ರಿಲ್ ೧೦

ದಾರದುಂಡೆ,

ನಿನ್ನ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ ಬಿಡು. ಹೌದು, ಈಗ ಕಂಟ್ರೋಲ್ ರೂಮಿನಲ್ಲಿ ಕುರ್ಚಿ. ಮುಂದೆ ಒಂದು ಮೈಕು, ಒಂದು ಫ್ಯಾನು. ಯಾವ ಬಸ್ಸು ಎಷ್ಟು ತಡ ಅಂತ ಕೂಗುವುದು. ಸ್ಟಿಯರಿಂಗ್ ಹಿಡಿದ ಕೈ ಸುಮ್ಮನಿರುವುದಿಲ್ಲ, ಮೇಜಿನ ಅಂಚನ್ನೇ ತಿರುಗಿಸಲು ನೋಡುತ್ತದೆ.

ಪ್ಯಾಂಟು ಬಹಳ ಚೆನ್ನಾಗಿದೆ. ಒಳಗಿನ ಅಸ್ತರು ಎಷ್ಟು ಉಪಯೋಗವಾಯಿತು ಅಂತ ನಿನಗೆ ಗೊತ್ತಿಲ್ಲ. ಮುಂದಿನ ಸಲ ಇನ್ನೂ ಒಂದಿಂಚು ತೆಗೆ. ವಾಕಿಂಗ್ ಜೋರಾಗಿದೆ.

ಕುರ್ಚಿಯಲ್ಲಿ ಕೂತರೆ ಹಳೆಯದೆಲ್ಲ ನೆನಪಾಗುತ್ತದೆ. ಅಪ್ಪನಿಗೆ ಕೊನೆಗೆ ಬೆನ್ನುನೋವು ಇತ್ತಲ್ಲ, ಅದು ಹೇಗೆ ಶುರುವಾಯಿತು? ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿ ರಸ್ತೆಯ ಮೇಲೇ ಇದ್ದೆ. ಜೊತೆಗಿದ್ದವನು ನೀನು. ಬೆನ್ನು ಬಿಟ್ಟು ಬೇರೇನಾದರೂ ತೊಂದರೆ ಇತ್ತಾ? ಡಾಕ್ಟರು ಏನಂದಿದ್ದರು? ಸುಮ್ಮನೆ ಕೇಳಿದೆ. ನೆನಪಿದ್ದಷ್ಟು ಬರಿ.

ಅಣ್ಣ

ಮೇ ೪

ಅಣ್ಣಾ,

ಬಡ್ತಿ ಬಂದವರಿಗೆ ಅಪ್ಪ ನೆನಪಾಗುವುದು ಒಳ್ಳೆಯ ಗುಣ.

ಅಪ್ಪ ಆ ವರ್ಷ ಕೂತು ಹೊಲಿಯುವುದನ್ನೇ ಬಿಟ್ಟಿದ್ದರು. ಕತ್ತರಿಸುವ ಮೇಜಿಗೆ ಎದೆ ಆನಿಸಿ ನಿಂತೇ ಕೆಲಸ ಮಾಡುತ್ತಿದ್ದರು. ಗಿರಾಕಿಯ ಭುಜಕ್ಕೆ ಟೇಪು ಹಿಡಿದು "ಒಂದ್ನಿಮಿಷ ಬಂದೆ" ಅಂತ ಹಿಂದುಗಡೆ ಬಚ್ಚಲಿಗೆ ಹೋದರೆ, ಗಿರಾಕಿ ಕೈ ಚಾಚಿಕೊಂಡೇ ನಿಂತಿರಬೇಕಾಗುತ್ತಿತ್ತು. ಬಂದು ಮತ್ತೆ ಟೇಪು ಹಿಡಿಯುವಷ್ಟರಲ್ಲಿ ಮತ್ತೆ "ಬಂದೆ". ನಾವೆಲ್ಲ ನಗುತ್ತಿದ್ದೆವು. ಅಪ್ಪನೂ ನಗುತ್ತಿದ್ದರು, ಬೆವರು ಒರೆಸಿಕೊಳ್ಳುತ್ತಾ. ಹಿಂದುಗಡೆ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಲ್ಲುತ್ತಿದ್ದರು. ಡಾಕ್ಟರ ಹತ್ತಿರ ಹೋದರೆ ಬೆನ್ನು ತೋರಿಸುತ್ತಿದ್ದರು, ಅವರು ಬೆನ್ನಿಗೆ ಮುಲಾಮು ಕೊಡುತ್ತಿದ್ದರು. ಕೊನೆಗೆ ಏಳಲಾಗದೆ ಹೋದಾಗ ನನ್ನ ಕೈಲಿ ಒಂದು ರಟ್ಟಿನ ಬೋರ್ಡು ಬರೆಸಿದರು. 'ಬೆನ್ನುನೋವಿನ ನಿಮಿತ್ತ ಅಂಗಡಿ ಮುಚ್ಚಿದೆ.' ಅಕ್ಷರ ಸೊಟ್ಟಗಿದೆ ಅಂತ ಎರಡು ಸಲ ಬರೆಸಿದರು ಮಹಾನುಭಾವ. ಆ ಬೋರ್ಡನ್ನು ಇಳಿಸುವಾಗ ಅಪ್ಪ ಇರಲಿಲ್ಲ.

ಬೆನ್ನುನೋವಿಗೆ ಯಾರಾದರೂ ಸಾಯುತ್ತಾರಾ ಅಂತ ಆಗ ಯಾರೂ ಕೇಳಲಿಲ್ಲ. ನನಗೂ ಕೇಳಬೇಕು ಅಂತ ಅನ್ನಿಸಲಿಲ್ಲ.

ನಮ್ಮ ಕಸುಬೇ ಹಾಗೆ ಅನ್ನಿಸುತ್ತದೆ. ಕೂತು ಕೂತು ನನಗೂ ಈಗ ಅಪ್ಪನ "ಒಂದ್ನಿಮಿಷ ಬಂದೆ" ಅಂಟಿಕೊಂಡಿದೆ. ಯಂತ್ರವನ್ನು ಹಿಂದಿನ ಬಾಗಿಲಿಗೆ ಎಳೆದುಕೊಂಡದ್ದು ಗಾಳಿಗಲ್ಲ, ಅದಕ್ಕೇ. ರಾತ್ರಿ ಎದ್ದೆದ್ದು ಓಡಾಡುವುದನ್ನು ನೋಡಿ ನನ್ನವಳು "ಮನೆಗೆ ವಾಚ್‌ಮನ್ ಬೇಡ ಬಿಡಿ" ಅನ್ನುತ್ತಾಳೆ. ಟೀ ಕಡಿಮೆ ಮಾಡಬೇಕು, ಅಷ್ಟೇ. ನೀನು ನಗಲಿ ಅಂತ ಬರೆದೆ.

ತಮ್ಮ

ಜೂನ್ ೨

ತಮ್ಮಾ,

ನಗಲಿಲ್ಲ ಕಣೋ. ಉತ್ತರ ಬರೆಯಲು ಕೂತು ಎದ್ದು, ಕೂತು ಎದ್ದು ಇಷ್ಟು ದಿನವಾಯಿತು.

ಬಡ್ತಿ ಸುಳ್ಳು. ಕಡುನೀಲಿ ಸುಳ್ಳು. ವಾಕಿಂಗ್ ಅಂತೂ ಶುದ್ಧ ಸುಳ್ಳು, ಬೀದಿಯ ಕೊನೆಯವರೆಗೆ ನಡೆದರೆ ಗೋಡೆ ಹಿಡಿಯಬೇಕು. ನನಗೆ ಪ್ರಾಸ್ಟೇಟ್ ಕ್ಯಾನ್ಸರ್. ಗಂಡಸರಿಗೆ ಮಾತ್ರ ಇರುವ ಒಂದು ಸಣ್ಣ ಗ್ರಂಥಿ, ಮೂತ್ರಕೋಶದ ಕೆಳಗೆ. ಅಲ್ಲಿಂದ ಸೊಂಟದ ಮೂಳೆಗೆ, ಬೆನ್ನಿನ ಮೂಳೆಗೆ ಹೋಗಿದೆ. ಪೂರ್ತಿ ವಾಸಿಯಾಗುವ ಹಂತ ದಾಟಿದೆಯಂತೆ. ಇಂಜೆಕ್ಷನ್ ಕೊಟ್ಟು ತಡೆದು ನಿಲ್ಲಿಸಲು ನೋಡುತ್ತಿದ್ದಾರೆ. ಅದನ್ನು ತಗೊಂಡರೆ ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಬಿಸಿಯಾಗಿ ಬೆವರು ಕಿತ್ತು ಬರುತ್ತದೆ. "ನನಗೆ ಮುಟ್ಟು ನಿಲ್ಲುವಾಗ ಹೀಗೇ ಆಗ್ತಿತ್ತು, ಫ್ಯಾನ್ ಆರಿಸ್ತಿದ್ದೋರು ನೀವೇ" ಅಂತ ನಿನ್ನ ಅತ್ತಿಗೆ ಬೀಸಣಿಗೆ ಹಿಡಿದು ನಗುತ್ತಾಳೆ. ಅಡುಗೆಮನೆಗೆ ಹೋಗಿ ಅಳುತ್ತಾಳೆ.

ಎರಡು ವರ್ಷದಿಂದ ತೊಂದರೆ ಇತ್ತು. ಹೋಗಬೇಕು ಅನ್ನಿಸಿದರೆ ತಡೆಯಲಾಗುತ್ತಿರಲಿಲ್ಲ, ಹೋಗಿ ನಿಂತರೆ ಬರುತ್ತಿರಲಿಲ್ಲ. ಡಿಪೋದಲ್ಲಿ ಕೇಳಿದರೆ "ಎಂಜಿನ್ ಬಿಸಿ ಗುರುವೇ, ಡ್ರೈವರ್‌ಗಳಿಗೆಲ್ಲಾ ಇದ್ದದ್ದೇ" ಅನ್ನುತ್ತಾರೆ. ಕಂಪನಿ ಡಾಕ್ಟರಿಗೆ ಹೇಳಿದರೆ ದೂರದ ರೂಟು ಕಿತ್ತುಕೊಳ್ಳುತ್ತಾರೆ ಅನ್ನುವ ಭಯ. ನಾನ್‌ಸ್ಟಾಪ್ ಅನ್ನಿಸಿಕೊಂಡವನು ನಿಲ್ಲಿಸಿ ನಿಲ್ಲಿಸಿ ಹೋಗುತ್ತಾನೆ ಅಂತ ಯಾರ ಮುಂದೆ ಹೇಳಲಿ? ಜನವರಿಯಲ್ಲಿ ನೀನು ಕಳಿಸಿದ ಹೊಸ ಬೂದು ಪ್ಯಾಂಟು ಹಾಕಿಕೊಂಡು ಹೋದ ಮೊದಲ ದಿನವೇ ಸ್ಟಿಯರಿಂಗ್ ಮುಂದೆ ಒದ್ದೆಯಾಯಿತು. ಬಸ್ ತುಂಬ ಜನ. ಕುಡಿಯುವ ನೀರಿನ ಬಾಟಲಿ ತೆಗೆದು ತೊಡೆಯ ಮೇಲೆ ಸುರಿದುಕೊಂಡು "ಅಯ್ಯಯ್ಯೋ, ಚೆಲ್ಲಿಹೋಯ್ತು" ಅಂದೆ. ಹಿಂದಿನ ಸೀಟಿನ ಹೆಣ್ಣುಮಗಳು ಒರೆಸಿಕೊಳ್ಳಲು ಕರವಸ್ತ್ರ ಕೊಟ್ಟಳು. ಅವತ್ತು ಇಳಿದು ನಿನಗೆ ಕಡುನೀಲಿ ಬೇಕು ಅಂತ ಬರೆದೆ. ಡಾಕ್ಟರಿಗೆ ತೋರಿಸಬೇಕು ಅಂತ ತೋಚಲಿಲ್ಲ, ಬಟ್ಟೆಯ ಬಣ್ಣ ಬದಲಾಯಿಸಬೇಕು ಅಂತ ತೋಚಿತು. ಮಾರ್ಚಿನಲ್ಲಿ ಕ್ಲಚ್ ತುಳಿಯಲಾಗದಷ್ಟು ಬೆನ್ನು ಹಿಡಿದಾಗ ನಿನ್ನ ಅತ್ತಿಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ನನ್ನ ಮಗನ ವಯಸ್ಸಿನವರು. "ನಿಮ್ಮ ತಂದೆಗೆ ಈ ಥರ ಏನಾದ್ರೂ ಇತ್ತಾ?" ಅಂದರು. ಬೆನ್ನುನೋವು ಅಷ್ಟೇ ಅಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಅಣ್ಣ ತಮ್ಮಂದಿರು?" "ಒಬ್ಬ ತಮ್ಮ ಇದಾನೆ." "ಅವರಿಗೆ ಹೇಳಿದ್ರಾ? ತಂದೆಗೆ, ಅಣ್ಣನಿಗೆ ಇದ್ರೆ ಅವರಿಗೂ ಬರೋ ಸಾಧ್ಯತೆ ಜಾಸ್ತಿ. ಬೇಗ ಗೊತ್ತಾದ್ರೆ ಗುಣ ಆಗೋ ಕಾಯಿಲೆ ಇದು." ಹೇಳಿದ್ದೇನೆ ಅಂದೆ. ಹೇಳಿರಲಿಲ್ಲ. ನಿನ್ನ ಮುಂದೆ ಈ ಮಾತು ಆಡುವುದು ಹೇಗೆ ಅಂತಲೇ ಗೊತ್ತಾಗಲಿಲ್ಲ. ಅಪ್ಪ ಕಿತ್ತುಕೊಂಡ ಪೆನ್ಸಿಲ್ ನನಗೆ ವಾಪಸು ಸಿಗಲೇ ಇಲ್ಲ ಕಣೋ.

ಈಗ ಹೇಳುತ್ತಿದ್ದೇನೆ, ಗಟ್ಟಿಯಾಗಿ ಓದಿಕೋ. ನಾಳೆಯೇ ಹೋಗು. ಮೊದಲು ಒಂದು ರಕ್ತ ಪರೀಕ್ಷೆ, ಆಮೇಲೆ ಡಾಕ್ಟರು ಬೆರಳಿನಲ್ಲಿ ಮುಟ್ಟಿ ನೋಡುತ್ತಾರೆ. ನಾಚಿಕೆಯಾಗುತ್ತದೆ, ಸಾಯುವುದಿಲ್ಲ. ನಿನ್ನದು ಬರೀ ವಯಸ್ಸಿನ ಊತವೂ ಇರಬಹುದು, ಬಹಳ ಜನರಿಗೆ ಅಷ್ಟೇ ಇರುತ್ತದಂತೆ. ಆದರೆ ನೋಡದೆ ಹೇಳಲು ಯಾರಿಂದಲೂ ಆಗುವುದಿಲ್ಲ. ಟೀ ಮೇಲೆ ಹಾಕಬೇಡ. ಕಸುಬಿನ ಮೇಲೆ ಹಾಕಬೇಡ.

ಅಣ್ಣ

ಜೂನ್ ೧೨

ಅಣ್ಣಾ,

ನಿನಗೆ ನಾಚಿಕೆಯಾಗಬೇಕು. ಸೊಂಟ ಕಡಿಮೆಯಾದ ಪ್ರತಿ ಇಂಚಿಗೂ ನಾನು ಮನಸ್ಸಿನಲ್ಲೇ ಶಭಾಷ್ ಅನ್ನುತ್ತಿದ್ದೆನಲ್ಲೋ. ಉಡುಗೊರೆ ಅಂತ ಅಸ್ತರು ಹಾಕಿದೆನಲ್ಲೋ.

ಶನಿವಾರದ ಬಸ್ಸಿಗೆ ಬರುತ್ತಿದ್ದೇನೆ. ಅಂಗಡಿಯಲ್ಲಿ ಒಪ್ಪಿಕೊಂಡ ಕೆಲಸ ಗುಡ್ಡದಷ್ಟಿದೆ, ಬಿದ್ದಿರಲಿ. ನನ್ನ ಪರೀಕ್ಷೆ ಗಿರೀಕ್ಷೆ ಎಲ್ಲ ಆಮೇಲೆ ನೋಡೋಣ. ಮೊದಲು ನಿನ್ನ ಮುಖ ನೋಡಬೇಕು.

ತಮ್ಮ

ಆಗಸ್ಟ್ ೧೮

ದಾರದುಂಡೆ,

ಅಕ್ಷರ ಅಲ್ಲಾಡಿದರೆ ಬೇಜಾರು ಮಾಡಿಕೊಳ್ಳಬೇಡ. ಮಲಗಿಕೊಂಡೇ ಬರೆಯುತ್ತಿದ್ದೇನೆ.

ನೀನು ಬಂದಿದ್ದಾಗ ದಿನವಿಡೀ ನನ್ನ ಹಳೆಯ ಅಂಗಿಗಳಿಗೆಲ್ಲ ಗುಂಡಿ ಹೊಲಿದುಕೊಟ್ಟೆ. ಮಾತಾಡಬೇಕಾದದ್ದು ಒಂದನ್ನು ಬಿಟ್ಟು ಉಳಿದೆಲ್ಲ ಮಾತಾಡಿದೆವು. ಕೊನೆಗೆ ನೀನು ಬಸ್ ಹತ್ತಿದ ಮೇಲೆ ಕಿಟಕಿ ಬಡಿದು ನಾನೇ ಕೇಳಬೇಕಾಯಿತು. "ಮಾಡಿಸ್ದೇನೋ?" "ಮಾಡಿಸ್ದೆ ಅಣ್ಣ, ಏನೂ ಇಲ್ವಂತೆ" ಅಂದೆ, ಟಿಕೆಟ್ಟು ಮಡಚುತ್ತಾ. ಅವತ್ತಿನಿಂದ ನನಗೆ ನಿದ್ದೆ ಬರುತ್ತಿದೆ. ನೋವಿನ ಮಾತ್ರೆಯಿಂದ ಅಂತ ನಿನ್ನ ಅತ್ತಿಗೆ ಅಂದುಕೊಂಡಿದ್ದಾಳೆ.

ಹೋದ ವಾರ ಡಿಪೋದಲ್ಲಿ ಸುರಕ್ಷತಾ ದಿನ. ಡೀಸೆಲ್ ಉಳಿಸುವುದು ಹೇಗೆ ಅಂತ ಎರಡು ಮಾತಾಡಲು ಮ್ಯಾನೇಜರು ಕರೆಸಿದರು. ಮಗ ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದ. ಬಸ್ ತೊಳೆಯುವ ಜಾಗದಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ಮೈಕು ಕೈಗೆ ಬಂತು. "ಡೀಸೆಲ್ ಉಳಿಸೋದು ನಿಮಗೆ ಗೊತ್ತು. ಉಚ್ಚೆ ವಿಷಯ ಮಾತಾಡೋಣ" ಅಂದೆ. ಹೋ ಅಂತ ನಕ್ಕರು. ಹಿಂದಿನಿಂದ ಒಬ್ಬ "ನಾನ್‌ಸ್ಟಾಪ್, ಮೈಕ್ ಆನ್ ಇದೆ!" ಅಂತ ಕೂಗಿದ. "ಆನ್ ಇರ್ಲಿ ಅಂತಾನೇ ಹೇಳ್ತಿರೋದು" ಅಂದೆ.

ಬಾಟಲಿ ನೀರು ಸುರಿದುಕೊಂಡದ್ದನ್ನು ಹೇಳಿದೆ. ಅಲ್ಲಿಗೆ ನಗು ನಿಂತಿತು. ಎಂಜಿನ್ ಬಿಸಿಗೂ ಇದಕ್ಕೂ ಸಂಬಂಧವಿಲ್ಲ ಅಂತ ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಶುರುವಿನಲ್ಲಿ ನೋವೂ ಇರುವುದಿಲ್ಲ, ಏನೂ ಗೊತ್ತಾಗುವುದಿಲ್ಲ, ಐವತ್ತು ದಾಟಿದವರು ಡಾಕ್ಟರ ಹತ್ತಿರ ಒಂದು ಮಾತು ಕೇಳಿ, ಮನೆಯಲ್ಲಿ ಯಾರಿಗಾದರೂ ಇದ್ದರೆ ಇನ್ನೂ ಮೊದಲೇ ಕೇಳಿ ಅಂದೆ. ಎಲ್ಲರೂ ತಲೆ ತಗ್ಗಿಸಿ ಬೂಟು ನೋಡುತ್ತಿದ್ದರು. ನನಗೆ ಸಿಟ್ಟು ಬಂತು. "ನನ್ನ ತಮ್ಮ ಟೈಲರು. ಹೊಟ್ಟೆ ಗುಂಡಗೆ, ಎದೆ ಪುಕ್ಕಲು. ಅವನೇ ಹೋಗಿ ಪರೀಕ್ಷೆ ಮಾಡಿಸ್ಕೊಂಡು ಬಂದ. ಏನೂ ಇಲ್ಲ ಅಂತ ಗೊತ್ತಾಯ್ತು, ಹಾಯಾಗಿದಾನೆ. ಅವನಿಗಿರೋ ಧೈರ್ಯ ನಿಮಗಿಲ್ವೇನ್ರೋ?" ಅಂದೆ.

ಆಮೇಲೆ ಒಬ್ಬೊಬ್ಬರೇ ಬಂದರು, ಟೈರು ಜೋಡಿಸಿಟ್ಟ ಕಡೆಗೆ ನನ್ನ ಕುರ್ಚಿ ತಳ್ಳಿಕೊಂಡು ಹೋಗಿ ಕಿವಿಯಲ್ಲಿ ಕೇಳಿದರು. ಮೀಸೆ ಅಂತೂ ಮಗುವಿನ ಹಾಗೆ ಅತ್ತ. ಅವನಿಗೂ ಒಂದು ವರ್ಷದಿಂದ ಉಚ್ಚೆಯಲ್ಲಿ ರಕ್ತ ಹೋಗುತ್ತಿದೆಯಂತೆ, ಹೆಂಡತಿಗೂ ಹೇಳಿಲ್ಲ. ನಿನ್ನ ಹೆಸರು ಹೇಳಿಯೇ ಅವನನ್ನು ಆಸ್ಪತ್ರೆಗೆ ಕಳಿಸಿದೆ.

ಒಂದು ಕೊನೆಯ ಆರ್ಡರು. ಒಂದು ಪ್ಯಾಂಟು ಹೊಲಿ. ಕಡುನೀಲಿ ಬೇಡ, ಸಾಕು. ನಮ್ಮ ತಿಳಿಬೂದು ಯೂನಿಫಾರಂ ಬಟ್ಟೆಯೇ ಆಗಬೇಕು. ಬೆಲ್ಟಿನ ಪಟ್ಟಿ ಇರಲಿ, ಹುಕ್ಕು ಇರಲಿ. ಅಳತೆ ನಿನ್ನ ಅತ್ತಿಗೆ ತೆಗೆದಿದ್ದಾಳೆ, ಇದರ ಜೊತೆ ಇದೆ. ಅವಳು ಟೇಪು ಹಿಡಿದು ಮೇಲಿನಿಂದ ಕೆಳಗಿನವರೆಗೆ ಎಲ್ಲವನ್ನೂ ಕೂಗಿದಳು, ಮಗ ಬರೆದುಕೊಂಡ. ಕಿಟಕಿ ತೆಗೆದಿತ್ತು. ಬೀದಿಯವರೆಲ್ಲ ಕೇಳಿಸಿಕೊಂಡಿರಬೇಕು.

ಅಣ್ಣ

ಆಗಸ್ಟ್ ೩೦

ಅಣ್ಣಾ,

ಪತ್ರ ತಲುಪಿತು. ಬಟ್ಟೆ ತಂದಿದ್ದೇನೆ. ಹೊಲಿಯುವುದು ಸ್ವಲ್ಪ ತಡವಾಗುತ್ತದೆ, ಇಲ್ಲಿ ಒಂದು ಓಡಾಟವಿದೆ. ಕಾರಣವನ್ನು ಜೇಬಿನಲ್ಲಿಟ್ಟು ಕಳಿಸುತ್ತೇನೆ. ಅಲ್ಲಿಯವರೆಗೆ ನೀನು ಕಾಯಬೇಕು, ಗೊತ್ತಾಯಿತಾ?

ತಮ್ಮ

ಸೆಪ್ಟೆಂಬರ್ ೨೯

ಮೈದುನರಿಗೆ,

ನಿಮಗೆ ನಾನು ಬರೆಯುತ್ತಿರುವುದು ಇದೇ ಮೊದಲು. ಇಷ್ಟು ವರ್ಷ ಜೇಬಿನ ವ್ಯವಹಾರ ನಿಮ್ಮಿಬ್ಬರದೇ ಇತ್ತು.

ನಿಮ್ಮ ಅಣ್ಣ ಮೊನ್ನೆ ಬೆಳಿಗ್ಗೆ ಹೋದರು. ಕೊನೆಯ ಎರಡು ದಿನ ಮಾತಿರಲಿಲ್ಲ. ಅದಕ್ಕೆ ಮುಂಚೆ, "ಮೀಸೆ ಬಸ್ಸು ಬಂತಾ?" ಅಂತ ಕೇಳುತ್ತಲೇ ಇದ್ದರು. ಬಸ್ಸು ಬಂದದ್ದು ಅವರು ಹೋದ ಮೇಲೆ. ಮೀಸೆಯವರು ಪ್ಯಾಕೆಟ್ಟು ಎದೆಗವಚಿಕೊಂಡು ಬಾಗಿಲಲ್ಲೇ ಕೂತುಬಿಟ್ಟರು. ಒಳಗೆ ಎಲ್ಲರೂ ಅವಸರ ಮಾಡುತ್ತಿದ್ದರು. ಮಗ ಕಾಗದ ಹರಿದು ಪ್ಯಾಂಟು ತೆಗೆದ, ನಾನೂ ಅವನೂ ಸೇರಿ ತೊಡಿಸಿದೆವು. ಎಷ್ಟು ಸರಿಯಾಗಿ ಕೂತಿತ್ತು ಗೊತ್ತೇ? ಇಷ್ಟು ತಿಂಗಳಲ್ಲಿ ಅವರ ಮೈಮೇಲೆ ಒಂದು ಬಟ್ಟೆಯೂ ಹಾಗೆ ಕೂತಿರಲಿಲ್ಲ. ತಿಳಿಬೂದು ಬಣ್ಣದಲ್ಲಿ ಡ್ಯೂಟಿಗೆ ಹೊರಟವರ ಹಾಗೇ ಕಂಡರು. ಹಾಗೇ ಕಳಿಸಿಕೊಟ್ಟೆವು.

ಎಲ್ಲ ಮುಗಿದು ಮನೆಗೆ ಬಂದು ಕಾಲು ತೊಳೆದುಕೊಳ್ಳುವಾಗ ನೆನಪಾಯಿತು. ಜೇಬು ನೋಡಲಿಲ್ಲ. ಪ್ಯಾಕೆಟ್ಟು ಬಂದರೆ ಮೊದಲು ಬಲಗಡೆ ಜೇಬಿಗೆ ಕೈ ಹಾಕುತ್ತಿದ್ದವರು ಅವರೊಬ್ಬರೇ. ಅವರಿಲ್ಲದೆ ಅದು ಯಾರಿಗೂ ಹೊಳೆಯಲಿಲ್ಲ. ಹಿಂದೊಮ್ಮೆ ನಿಮ್ಮ ಪತ್ರವನ್ನು ಒಗೆದುಬಿಟ್ಟಿದ್ದೆ, ಈ ಸಲ ಹೀಗಾಯಿತು. ನನ್ನನ್ನು ಕ್ಷಮಿಸಿ.

ಇನ್ನೊಂದು ಮಾತು. ನೀವು ಬರಲಿಲ್ಲ. ಮಗ ಫೋನ್ ಮಾಡಿದಾಗ ನಿಮ್ಮ ಮನೆಯವರು "ಅವರಿಗೆ ಬೆನ್ನುನೋವು, ಏಳಕ್ಕಾಗ್ತಿಲ್ಲ" ಅಂದರಂತೆ. ಮೊದಲು ನನಗೆ ಬಹಳ ನೋವಾಯಿತು. ಒಬ್ಬನೇ ಅಣ್ಣ, ಬೆನ್ನುನೋವಂತೆ ಅಂತ ಬಾಯಿಬಿಟ್ಟು ಅಂದೆ. ಮಾರನೆಯ ದಿನ ಪಾತ್ರೆ ತೊಳೆಯುತ್ತಾ ಇದ್ದಾಗ ಅದೇ ಮಾತು ಇನ್ನೊಂದು ಥರ ಕೇಳಿಸಿತು. ನಿಮ್ಮ ಮನೆಯಲ್ಲಿ ಬೆನ್ನುನೋವು ಅಂದರೆ ಏನು ಅಂತ ಈಗ ನನಗೆ ಗೊತ್ತಿದೆ.

ಆ ಪತ್ರದಲ್ಲಿ ಏನು ಬರೆದಿದ್ದಿರಿ? ಮುಚ್ಚಿಡಬೇಡಿ.

ನಿಮ್ಮ ಅತ್ತಿಗೆ

ಅಕ್ಟೋಬರ್ ೯

ಅತ್ತಿಗೆ,

ಕ್ಷಮೆ ಕೇಳಬೇಕಾದವನು ನಾನು. ಜೇಬಿನಲ್ಲಿದ್ದದ್ದನ್ನು ಮತ್ತೆ ಬರೆಯುತ್ತಿದ್ದೇನೆ.

ಬಸ್ಸಿನ ಕಿಟಕಿಯಲ್ಲಿ ಅಣ್ಣನಿಗೆ ಹೇಳಿದ್ದು ಸುಳ್ಳು. ಆಗ ನಾನು ಪರೀಕ್ಷೆ ಮಾಡಿಸಿರಲಿಲ್ಲ. ಆಸ್ಪತ್ರೆಯ ಗೇಟಿನವರೆಗೆ ಹೋಗಿ, ಎದುರಿನ ಅಂಗಡಿಯಲ್ಲಿ ಗುಂಡಿ ಕೊಂಡುಕೊಂಡು ವಾಪಸು ಬಂದಿದ್ದೆ. ಊರಿನ ಗಂಡಸರ ಸೊಂಟವೆಲ್ಲ ನನ್ನ ಟೇಪಿನಲ್ಲಿ ಹಾದುಹೋಗಿದೆ, ಆದರೆ ನನ್ನ ಸೊಂಟದ ಗುಂಡಿ ಇನ್ನೊಬ್ಬರ ಮುಂದೆ ಬಿಚ್ಚಲು ಆಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಣ್ಣನನ್ನು ಆ ಸ್ಥಿತಿಯಲ್ಲಿ ನೋಡಿ ಬಂದವನಿಗೆ ನನ್ನದೂ ಅದೇ ಅಂತ ಕೇಳುವ ಎದೆ ಇರಲಿಲ್ಲ.

ಆಮೇಲೆ ಡಿಪೋದ ವಿಷಯ ಬರೆದ ಅಣ್ಣನ ಪತ್ರ ಬಂತು. ನನ್ನ ಧೈರ್ಯವನ್ನು ಮೈಕಿನಲ್ಲಿ ಹೊಗಳಿದ್ದ. ನನ್ನ ಸುಳ್ಳು ನಂಬಿ ಮೀಸೆಯವರು ಆಸ್ಪತ್ರೆಗೆ ಹೋಗಿದ್ದರು. ಓದಿದ ಮೇಲೆ ಕತ್ತರಿ ಹಿಡಿಯಲಾಗಲಿಲ್ಲ. ಮಾರನೆಯ ಬೆಳಿಗ್ಗೆ ಹೋದೆ. ರಕ್ತದಲ್ಲಿ ಜಾಸ್ತಿ ಬಂತು, ಸ್ಕ್ಯಾನ್ ಮಾಡಿದರು, ಸೂಜಿಯಿಂದ ಚೂರು ತೆಗೆದು ನೋಡಿದರು. ನನಗೂ ಇದೆ ಅತ್ತಿಗೆ. ಆದರೆ ಗ್ರಂಥಿಯ ಒಳಗೇ ಇದೆ, ಹೊರಗೆ ಹೋಗಿಲ್ಲ. ಆಪರೇಷನ್ ಮಾಡಿದರೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ ಅಂತ ಡಾಕ್ಟರು ಹೇಳಿದ್ದಾರೆ.

ಇದನ್ನೇ ಬರೆದಿದ್ದೆ. "ಅಣ್ಣಾ, ಸುಳ್ಳು ಹೇಳಿದ್ದೆ, ಬೈಯಬೇಡ, ಇಲ್ಲ, ಬೈ. ನೀನು ಬೈದು ಕಳಿಸಿದ್ದಕ್ಕೇ ಬೇಗ ಸಿಕ್ಕಿತು. ಅಪ್ಪನಿಗೂ ನಿನಗೂ ಸಿಗದ ಹೊತ್ತು ನನಗೆ ಸಿಕ್ಕಿದೆ. ಈ ಪತ್ರ ಓದಿ ಒಂದು ಸಲ ದಾರದುಂಡೆ ಅನ್ನು." ಪ್ಯಾಂಟು ಮಡಚಿ, ಬಲಗಡೆ ಜೇಬಿನಲ್ಲಿಟ್ಟು, ಬೀಳದಿರಲಿ ಅಂತ ಒಂದು ಕಚ್ಚಾ ಹೊಲಿಗೆಯನ್ನೂ ಹಾಕಿದ್ದೆ.

ಸೂಜಿ ಚುಚ್ಚಿದ ಮೇಲೆ ನಂಜಾಗಿ ಜ್ವರ ಬಂತು. ಅಣ್ಣ ಹೋದ ದಿನ ನಾನು ಆಸ್ಪತ್ರೆಯ ಮಂಚದಲ್ಲಿ, ಕೈಗೆ ಡ್ರಿಪ್ ಹಾಕಿಸಿಕೊಂಡು ಮಲಗಿದ್ದೆ. ಫೋನು ಬಂದಾಗ ನಿಮಗೆ ಆ ಹೊತ್ತಿನಲ್ಲಿ ಇದೊಂದು ಭಾರ ಬೇಡ ಅಂತ, "ಬೆನ್ನುನೋವು ಅನ್ನು" ಅಂತ ನನ್ನವಳಿಗೆ ಹೇಳಿದವನು ನಾನೇ. ಬಾಯಿಂದ ಬಂದ ಮೇಲೆ ಗೊತ್ತಾಯಿತು, ಅದು ಅಪ್ಪನ ಮಾತು.

ಅಣ್ಣ ನನ್ನ ಸುಳ್ಳನ್ನೇ ನಂಬಿ ಹೋದ. ನಿಜ ಅವನ ಜೇಬಿನಲ್ಲೇ ಇತ್ತು, ಅವನ ಕೈ ಪಕ್ಕದಲ್ಲೇ. ನೀವು ನೋಡದೇ ಇದ್ದದ್ದರಲ್ಲಿ ನಿಮ್ಮ ತಪ್ಪಿಲ್ಲ. ನಾನು ಒಂದು ತಿಂಗಳು ಮೊದಲೇ ಗೇಟು ದಾಟಿದ್ದರೆ ಅವನ ಕಿವಿಗೇ ಹೇಳಬಹುದಿತ್ತು.

ಮಗನಿಗೆ ಹೇಳಿ. ಅವನಿಗೆ ಅಜ್ಜ, ಅಪ್ಪ, ಚಿಕ್ಕಪ್ಪ ಮೂವರಿಗೂ ಇದ್ದದ್ದು. ನಲವತ್ತು ದಾಟಿದ ಮೇಲೆ ಡಾಕ್ಟರ ಹತ್ತಿರ ಹೋಗಲಿ, ಈ ಮೂವರ ಕಥೆಯನ್ನೂ ಬಿಡದೆ ಹೇಳಲಿ. ಸಂಕೋಚಪಟ್ಟರೆ ನೀವೇ ಅವನನ್ನು ಕೂರಿಸಿಕೊಂಡು, ಅಳತೆ ಕೂಗಿದ ಹಾಗೆ ಕೂಗಿ ಹೇಳಿ.

ನಾಳೆ ಬೆಳಿಗ್ಗೆ ಆಪರೇಷನ್. ಸಂಜೆ ಒಂದು ರಟ್ಟು ತೆಗೆದುಕೊಂಡು ಬೋರ್ಡು ಬರೆದೆ. 'ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ನಿಮಿತ್ತ ಅಂಗಡಿ ಮುಚ್ಚಿದೆ.' ಬಾಗಿಲಿಗೆ ಕಟ್ಟುತ್ತಿದ್ದಾಗ ಪಕ್ಕದ ಚಪ್ಪಲಿ ಅಂಗಡಿಯವರು ಬಂದು ಓದಿದರು.

"ಇದನ್ನೆಲ್ಲಾ ಬೋರ್ಡಲ್ಲಿ ಬರೀತಾರೇನ್ರೀ? ಬೆನ್ನುನೋವು ಅಂತ ಹಾಕಿ, ಸಾಕು."

"ಅದನ್ನ ನಮ್ಮಪ್ಪ ಒಂದ್ಸಲ ಹಾಕಿದ್ರು" ಅಂದೆ.

ಅವರು ಹೋಗಲಿಲ್ಲ. ಚಪ್ಪಲಿಯಿಂದ ಮೆಟ್ಟಿಲು ಕೆರೆಯುತ್ತಾ ನಿಂತರು. ಆಮೇಲೆ ಆ ಕಡೆ ಈ ಕಡೆ ನೋಡಿ, ನನ್ನ ಹತ್ತಿರಕ್ಕೆ ಬಂದು ಪಿಸುಗುಟ್ಟಿದರು. "ಆ ಡಾಕ್ಟರು ಆಸ್ಪತ್ರೇಲಿ ಎಲ್ಲಿ ಕೂತ್ಕೋತಾರೆ?"

"ಮೂರನೇ ಮಹಡಿ" ಅಂದೆ, ಇಡೀ ಬೀದಿಗೆ ಕೇಳುವ ಹಾಗೆ.

ನಿಮ್ಮ ಮೈದುನ